ಸಾಣೆಚಕ್ರದ ವೇಗ: ಹರಳು ಕೆಲಸಗಾರರು ತಿಳಿದಿರಬೇಕಾದ ಲೆಕ್ಕ

ಬಣ್ಣದ ಕಲ್ಲುಗಳನ್ನು ಉಜ್ಜಿ, ಆಕಾರ ಕೊಟ್ಟು, ಹೊಳಪು ತರುವ ಕೆಲಸವು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಮನೆಯ ಜಗಲಿಯಲ್ಲಿ ಅಥವಾ ಓಣಿಯೊಳಗಿನ ಒಂದೇ ಕೋಣೆಯ ಕಾರ್ಯಾಗಾರದಲ್ಲಿ ನಡೆಯುತ್ತದೆ. ಗುಜರಾತಿನ ಖಂಭಾತ್ ಮತ್ತು ರಾಜಸ್ಥಾನದ ಜಯಪುರ ಈ ಕಸುಬಿನ ಹೆಸರಾಂತ ಕೇಂದ್ರಗಳು. ಒಂದು ಮೋಟಾರು, ಒಂದು ಬೆಲ್ಟು, ಷಾಫ್ಟಿನ ತುದಿಗೆ ಒಂದು ಸಾಣೆಚಕ್ರ, ಅದರ ಮೇಲೆ ನೀರು ತೊಟ್ಟಿಕ್ಕಲು ಒಂದು ಡಬ್ಬ, ಇಷ್ಟು ಕೂಡಿಸಿಕೊಂಡರೆ ಕೆಲಸ ಆರಂಭಿಸಬಹುದು. ಬಂಡವಾಳ ಕಡಿಮೆ ಬೇಕಾಗುವ ಸ್ವಂತ ಉದ್ಯೋಗವೆಂದು ಇದನ್ನು ಆರಿಸಿಕೊಳ್ಳುವವರೂ, ಬಿಡುವಿನ ವೇಳೆಯ ಹವ್ಯಾಸವಾಗಿ ಕೈಗೊಳ್ಳುವವರೂ ಉಂಟು. ಇಂಥವರು ಚಕ್ರ ಎಷ್ಟು ಒರಟು, ಎಷ್ಟು ನಯ, ಬೆಲೆ ಎಷ್ಟು ಎಂಬುದನ್ನೆಲ್ಲ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಅದು ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಕೇಳುವವರು ವಿರಳ. ಮೋಟಾರು ಎಷ್ಟು ಸುತ್ತು ಕೊಡುತ್ತದೆಯೋ ಅಷ್ಟೇ ಚಕ್ರದ ವೇಗ ಎಂದು ಒಪ್ಪಿಕೊಂಡುಬಿಡುವುದು ರೂಢಿಯಾಗಿದೆ. ಕಲ್ಲು ಬಿರುಕು ಬಿಡುವುದಕ್ಕೂ, ಚಕ್ರ ಅಕಾಲದಲ್ಲಿ ಸವೆಯುವುದಕ್ಕೂ, ಕೆಲವೊಮ್ಮೆ ತಿರುಗುತ್ತಿರುವಾಗಲೇ ಒಡೆದು ಚೂರಾಗಿ ಸಿಡಿಯುವುದಕ್ಕೂ ಈ ರೂಢಿ ಕಾರಣವಾಗುತ್ತದೆ.

ಬಿಲ್ಲಿನ ಸಾಣೆಯಿಂದ ಮೋಟಾರಿನವರೆಗೆ

ವಿದ್ಯುಚ್ಛಕ್ತಿ ಬರುವ ಮುನ್ನ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಕುರುಂದದ ಪುಡಿಯನ್ನು ಕರಗಿಸಿದ ಅರಗಿನೊಡನೆ ಬೆರೆಸಿ, ಬಿಲ್ಲೆಯಾಗಿ ತಟ್ಟಿ ಮಾಡಿದ ಸಾಣೆಯೇ ನಮ್ಮ ಹರಳು ಕೆಲಸಗಾರರ ಪರಂಪರಾಗತ ಚಕ್ರ. ಆ ಖನಿಜಕ್ಕೆ ಇಂಗ್ಲಿಷಿನಲ್ಲಿರುವ ಕೊರಂಡಮ್ ಎಂಬ ಹೆಸರು ಕೂಡ ತಮಿಳಿನ ಕುರುಂದಮ್ ಎಂಬ ಮಾತಿನಿಂದಲೇ ಹೋದದ್ದು. ಸಂಸ್ಕೃತದಲ್ಲಿ ಅದು ಕುರುವಿಂದ. ಕೆಲಸಗಾರನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾನೆ. ಬಿಲ್ಲಿನ ಹುರಿಯು ಸಾಣೆಯ ಅಚ್ಚಿಗೆ ಸುತ್ತಿಕೊಂಡಿರುವುದರಿಂದ ಸಾಣೆಯು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತದೆ. ಇನ್ನೊಂದು ಕೈ ಹರಳನ್ನು ಅದಕ್ಕೆ ಒಡ್ಡುತ್ತದೆ. ತೋಳಿನ ಬಲವೇ ಇಲ್ಲಿ ವೇಗದ ಮಿತಿ. ಕಲ್ಲು ಬಿಸಿಯಾಯಿತೆಂದು ಬೆರಳಿಗೆ ತಿಳಿದೊಡನೆ ಬಿಲ್ಲೆಳೆಯುವ ಕೈ ತಾನಾಗಿಯೇ ನಿಧಾನವಾಗುತ್ತಿತ್ತು.

ಕಸುಬು ಬಹು ಪ್ರಾಚೀನವಾದುದು. ಖಂಭಾತಿಗೆ ಸಮೀಪದ ಲೋಥಲ್‌ನಲ್ಲಿ ಹರಪ್ಪ ಕಾಲದ ಮಣಿ ತಯಾರಿಕೆಯ ಕಾರ್ಯಾಗಾರವೊಂದು ಉತ್ಖನನದಲ್ಲಿ ದೊರೆತಿದೆ. ಕರ್ನಾಟಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಅಗೇಟ್, ಕಾರ್ನೀಲಿಯನ್ ಮುಂತಾದ ಕಲ್ಲುಗಳ ಮಣಿಗಳು ಸಿಕ್ಕಿವೆ. ದಖನ್ನಿನ ಕಪ್ಪು ಕಲ್ಲಿನ ಪದರಗಳಲ್ಲಿ ಗಂಟುಗಂಟಾಗಿ ಹುಟ್ಟುವ ಅಗೇಟು ಕೃಷ್ಣಾ, ಭೀಮಾ, ಗೋದಾವರಿ ನದಿಗಳ ಗರಸಿನಲ್ಲಿ ಇಂದಿಗೂ ಕಾಣಸಿಗುತ್ತದೆ. ಖಂಭಾತಿನಲ್ಲಿ ಅಕೀಕ್ ಎಂದು ಕರೆಯುವುದು ಇದೇ ಕಲ್ಲನ್ನು. ಸಾವಿರಾರು ವರ್ಷ ಕೈಬಲದಿಂದ ನಡೆದು ಬಂದ ಈ ಕೆಲಸಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದಿತು. ಮೋಟಾರಿಗೆ ಬೆರಳಿನ ಅರಿವಿಲ್ಲ. ಕಲ್ಲು ಬಿಸಿಯಾದರೂ, ಚಕ್ರ ಬಿರುಕು ಬಿಟ್ಟಿದ್ದರೂ ಅದು ತನ್ನ ಸುತ್ತುಗಳನ್ನು ಸುತ್ತುತ್ತಲೇ ಇರುತ್ತದೆ. ಆದುದರಿಂದ ಕೈ ಮಾಡುತ್ತಿದ್ದ ತೀರ್ಮಾನವನ್ನು ಈಗ ಲೆಕ್ಕ ಮಾಡಬೇಕಾಗಿದೆ.

ಸುತ್ತು ಬೇರೆ, ವೇಗ ಬೇರೆ

ನಿಮಿಷಕ್ಕೆ ಇಷ್ಟು ಸುತ್ತು ಎಂಬುದನ್ನೇ ವೇಗವೆಂದು ಭಾವಿಸುವುದು ಸಾಮಾನ್ಯ. ಆದರೆ ಕಲ್ಲಿಗೆ ಸುತ್ತುಗಳ ಸಂಖ್ಯೆ ತಿಳಿಯದು. ತನ್ನನ್ನು ಉಜ್ಜುತ್ತಿರುವ ಚಕ್ರದ ಅಂಚು ಎಷ್ಟು ಬಿರುಸಾಗಿ ಹಾದುಹೋಗುತ್ತಿದೆ ಎಂಬುದಷ್ಟೇ ಅದಕ್ಕೆ ಸಂಬಂಧಿಸಿದ ವಿಷಯ. ಇದನ್ನು ಅಂಚಿನ ವೇಗ ಅಥವಾ ಪರಿಧಿ ವೇಗ ಎನ್ನುತ್ತಾರೆ. ಒಂದೇ ಷಾಫ್ಟಿನ ಮೇಲೆ ದೊಡ್ಡ ಚಕ್ರವನ್ನೂ ಚಿಕ್ಕ ಚಕ್ರವನ್ನೂ ಕೂಡಿಸಿದರೆ ಎರಡರ ಸುತ್ತು ಒಂದೇ, ಆದರೆ ದೊಡ್ಡದರ ಅಂಚು ಹೆಚ್ಚು ದೂರ ಓಡುತ್ತದೆ.

ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಪಟ್ಟಣದ ಹಳೆಯ ಸಾಣೆಮನೆಗಳನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಅಲ್ಲಿ ನೀರಿನ ಬಲದಿಂದ ತಿರುಗುವ ಮರಳುಗಲ್ಲಿನ ಭಾರಿ ಚಕ್ರಗಳಿದ್ದವು. ಕೆಲಸಗಾರರು ಇಳಿಜಾರಾದ ಮಣೆಯ ಮೇಲೆ ಬೋರಲಾಗಿ ಮಲಗಿ, ಮೈಭಾರವನ್ನೆಲ್ಲ ಹಾಕಿ ಅಗೇಟನ್ನು ಚಕ್ರಕ್ಕೆ ಒತ್ತುತ್ತಿದ್ದರು. ಚಕ್ರದ ವ್ಯಾಸ ಒಂದೂವರೆ ಮೀಟರ್ ಎಂದೂ, ಅದು ನಿಮಿಷಕ್ಕೆ 150 ಸುತ್ತು ತಿರುಗುತ್ತದೆಂದೂ ಇಟ್ಟುಕೊಳ್ಳೋಣ. ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 11.8 ಮೀಟರ್ ಆಗುತ್ತದೆ. ನಮ್ಮ ಮನೆಯ ಮೇಜಿನ ಮೇಲಿನ, ಗೇಣಿಗಿಂತ ಕಿರಿದಾದ 150 ಮಿಲಿಮೀಟರ್ ಚಕ್ರವು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಅದರ ಅಂಚಿನ ವೇಗ 11.3 ಮೀಟರ್. ಮಂದಗತಿಯದೆಂದು ಕಾಣುವ ಆ ಮಹಾಚಕ್ರ ಮತ್ತು ಗಿರ್ರೆನ್ನುವ ಈ ಪುಟ್ಟ ಚಕ್ರ ಕಲ್ಲಿನ ಮಟ್ಟಿಗೆ ಹೆಚ್ಚುಕಡಿಮೆ ಒಂದೇ.

ಲೆಕ್ಕ ಸುಲಭ. ಚಕ್ರದ ವ್ಯಾಸವನ್ನು ಮೀಟರಿನಲ್ಲಿ ಬರೆದು 3.14ರಿಂದ ಗುಣಿಸಿದರೆ ಒಂದು ಸುತ್ತಿನಲ್ಲಿ ಅಂಚು ಓಡುವ ದೂರ ಸಿಗುತ್ತದೆ. ಅದನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ತಿಳಿಯುತ್ತದೆ. 200 ಮಿಲಿಮೀಟರ್ ಚಕ್ರ, 1440 ಸುತ್ತು: 0.2ನ್ನು 3.14ರಿಂದ ಗುಣಿಸಿದರೆ 0.628, ಅದನ್ನು 1440ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 904 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 15 ಮೀಟರ್.

1440 ಎಂಬ ಸಂಖ್ಯೆ ಎಲ್ಲಿಂದ ಬಂತು?

ಹರಳು ಕೆಲಸವನ್ನು ಕಲಿಸುವ ಪುಸ್ತಕಗಳಲ್ಲಿ ಬಹುಪಾಲು ಅಮೆರಿಕದವು. ಅವುಗಳಲ್ಲಿ ಎಲ್ಲ ಕಡೆಯೂ 1725 ಸುತ್ತು ಎಂಬ ಸಂಖ್ಯೆ ಕಾಣುತ್ತದೆ. ಅದು ಹರಳಿನ ಗುಣವನ್ನು ನೋಡಿ ನಿಗದಿಯಾದ ಸಂಖ್ಯೆಯೆಂದು ಓದುಗರು ತಿಳಿಯಬಾರದು. ಅಮೆರಿಕದ ವಿದ್ಯುತ್ತಿನ ಆವರ್ತನ 60 ಹರ್ಟ್ಸ್ ಆದುದರಿಂದ ಅಲ್ಲಿಯ ನಾಲ್ಕು ಧ್ರುವಗಳ ಮೋಟಾರು ಸುಮಾರು 1725 ಸುತ್ತು ತಿರುಗುತ್ತದೆ, ಅಷ್ಟೆ. ನಮ್ಮಲ್ಲಿ ಆವರ್ತನ 50 ಹರ್ಟ್ಸ್. ಅದೇ ಬಗೆಯ ಮೋಟಾರು ಇಲ್ಲಿ ಹೆಚ್ಚೆಂದರೆ 1500ರ ಸಮೀಪಕ್ಕೆ ಬಂದು, ಭಾರ ಬಿದ್ದಾಗ ಸುಮಾರು 1440ಕ್ಕೆ ನಿಲ್ಲುತ್ತದೆ. ಎರಡು ಧ್ರುವಗಳ ಮೋಟಾರಾದರೆ ಅದರ ಇಮ್ಮಡಿ, ಸುಮಾರು 2880. ಮೋಟಾರಿನ ಮೈಮೇಲಿನ ಲೋಹದ ಪಟ್ಟಿಯಲ್ಲಿ ಈ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಮೊದಲು ಓದಬೇಕು. ಹಳೆಯ ಮೋಟಾರನ್ನು ಗುಜರಿಯಿಂದ ತಂದವರು ಆ ಪಟ್ಟಿ ಕಳೆದುಹೋಗಿದ್ದರೆ ಊಹೆಯ ಮೇಲೆ ಚಕ್ರ ಕೂಡಿಸದೆ, ಮೋಟಾರು ಸುತ್ತುವವರ ಬಳಿ ಸುತ್ತುಗಳನ್ನು ಅಳೆಸಿಕೊಳ್ಳುವುದು ಒಳ್ಳೆಯದು.

ಬೇಕಾದ ವೇಗ ಮೋಟಾರಿನಿಂದ ನೇರವಾಗಿ ದೊರೆಯದಿದ್ದರೆ ಪುಲ್ಲಿಗಳಿಂದ ಪಡೆಯಬಹುದು. ಮೋಟಾರಿನ ಪುಲ್ಲಿಯ ವ್ಯಾಸವನ್ನು ಮೋಟಾರಿನ ಸುತ್ತಿನಿಂದ ಗುಣಿಸಿ, ಷಾಫ್ಟಿನ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಷಾಫ್ಟಿನ ಸುತ್ತು ಬರುತ್ತದೆ. ಮೋಟಾರಿಗೆ 100 ಮಿಲಿಮೀಟರ್, ಷಾಫ್ಟಿಗೆ 75 ಮಿಲಿಮೀಟರ್ ಪುಲ್ಲಿ ಹಾಕಿದರೆ 1440 ಸುತ್ತು 1920 ಆಗುತ್ತದೆ. 200 ಮಿಲಿಮೀಟರ್ ಚಕ್ರದ ಅಂಚು ಆಗ ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಬೆಲ್ಟು ಸ್ವಲ್ಪ ಜಾರುವುದರಿಂದ ನಿಜವಾದ ಸಂಖ್ಯೆ ತುಸು ಕಡಿಮೆ ಇರುತ್ತದೆ. ಅದು ಲೆಕ್ಕಕ್ಕೆ ತೊಡಕಲ್ಲ. ಫ್ಯಾನಿನ ರೆಗ್ಯುಲೇಟರನ್ನು ಇಂಥ ಮೋಟಾರಿಗೆ ಜೋಡಿಸಿ ವೇಗ ಇಳಿಸಲು ಕೆಲವರು ಯತ್ನಿಸುವುದುಂಟು. ಅದರಿಂದ ಮೋಟಾರು ಬಲ ಕಳೆದುಕೊಂಡು ಬಿಸಿಯೇರಿ ಸುಟ್ಟುಹೋದೀತು.

ವೇಗ ತಪ್ಪಿದಾಗ ಆಗುವುದೇನು?

ಸಿಲಿಕಾನ್ ಕಾರ್ಬೈಡಿನ ಸಾಣೆಚಕ್ರ ಎಂಬುದು ಹರಿತವಾದ ಅಸಂಖ್ಯ ಕಣಗಳನ್ನು ಸುಟ್ಟ ಮಣ್ಣಿನಂಥ ಅಂಟಿನಲ್ಲಿ ಹಿಡಿದಿಟ್ಟ ಬಿಲ್ಲೆ. ಕೆಲಸ ನಡೆದಂತೆ ಮೇಲಿನ ಕಣಗಳು ಮೊಂಡಾಗಿ ಉದುರಬೇಕು, ಕೆಳಗಿನ ಹೊಸ ಕಣಗಳು ಮೇಲೆದ್ದು ಬರಬೇಕು. ಚಕ್ರದ ಆರೋಗ್ಯವಿರುವುದು ಈ ಉದುರುವಿಕೆಯಲ್ಲಿ.

ಅಂಚಿನ ವೇಗ ಕಡಿಮೆಯಾದರೆ ಒಂದೊಂದು ಕಣವೂ ಕಲ್ಲಿನಿಂದ ದೊಡ್ಡ ತುಣುಕನ್ನೇ ಕೀಳಬೇಕಾಗುತ್ತದೆ. ಆ ಬಲಕ್ಕೆ ಅದು ಮೊಂಡಾಗುವ ಮೊದಲೇ ಕಿತ್ತುಬರುತ್ತದೆ. ಗಟ್ಟಿ ಚಕ್ರವೂ ಮೆದು ಚಕ್ರದಂತೆ ವರ್ತಿಸತೊಡಗುತ್ತದೆ. ಅಂಚು ತಗ್ಗುದಿಣ್ಣೆಯಾಗುತ್ತದೆ, ಕಲ್ಲು ಕುಪ್ಪಳಿಸುತ್ತದೆ, ಕುಪ್ಪಳಿಸಿದಷ್ಟೂ ತಗ್ಗು ಆಳವಾಗುತ್ತದೆ. ವೇಗ ಹೆಚ್ಚಾದರೆ ಇದಕ್ಕೆ ವಿರುದ್ಧ: ಕಣಗಳು ಉದುರದೆ ಮೊಂಡಾಗಿ ಉಳಿದು, ಚಕ್ರದ ಅಂಚು ಗಾಜಿನಂತೆ ನುಣುಪಾಗುತ್ತದೆ. ಕತ್ತರಿಸುವ ಬದಲು ಉಜ್ಜಾಟ ಮಾತ್ರ ನಡೆದು ಶಾಖ ಹುಟ್ಟುತ್ತದೆ. ಕೆಲಸ ಸಾಗುತ್ತಿಲ್ಲವೆಂದು ಕೆಲಸಗಾರ ಇನ್ನಷ್ಟು ಒತ್ತುತ್ತಾನೆ. ಶಾಖ ಇನ್ನಷ್ಟು ಏರುತ್ತದೆ. ಕಲ್ಲನ್ನು ಕಡ್ಡಿಗೆ ಹಿಡಿದಿರುವ ಅರಗು ಮೆತ್ತಗಾಗಿ ಕಲ್ಲು ಜಾರಿದರೆ ಅದನ್ನು ಒಂದು ಎಚ್ಚರಿಕೆಯೆಂದೇ ತಿಳಿಯಬೇಕು. ಇದಲ್ಲದೆ ವೇಗ ಹೆಚ್ಚಿದಂತೆ ಚಕ್ರವು ತನ್ನ ಮೇಲೆ ಬಿದ್ದ ನೀರನ್ನು ಹೊರಕ್ಕೆ ಚಿಮ್ಮಿಬಿಡುತ್ತದೆ. ನೀರು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದು ಕಲ್ಲಿನ ಬಳಿ ನಿಲ್ಲುವುದಿಲ್ಲ.

ಅಗೇಟನ್ನು ಚಕ್ರಕ್ಕೆ ಒತ್ತಿದಾಗ ಕಲ್ಲಿನೊಳಗಿಂದ ಕಿತ್ತಳೆ ಬಣ್ಣದ ಮಂದ ಬೆಳಕು ಹೊಮ್ಮುವುದನ್ನು ಕಂಡು ಹೊಸಬರು ಕಲ್ಲು ಕೆಂಡವಾಯಿತೆಂದು ಗಾಬರಿಯಾಗುವುದುಂಟು. ಅದು ಉಜ್ಜುವಿಕೆಯಿಂದ ಹುಟ್ಟುವ ಬೆಳಕು. ನೀರು ಚೆನ್ನಾಗಿ ಬೀಳುತ್ತಿದ್ದರೂ ಕಾಣಿಸಬಹುದು. ಶಾಖವನ್ನು ಅಳೆಯಲು ಬೆರಳೇ ಉತ್ತಮ. ಕಲ್ಲನ್ನು ಆಗಾಗ ತೆಗೆದು ಬೆರಳಿನಿಂದ ಮುಟ್ಟಿ ನೋಡುವ ಹಳೆಯ ಪದ್ಧತಿಯನ್ನು ಮೋಟಾರು ಬಂದ ಮೇಲೂ ಬಿಡಬಾರದು.

ಹಾಗಾದರೆ ಸರಿಯಾದ ವೇಗ ಯಾವುದು? ಸಿಲಿಕಾನ್ ಕಾರ್ಬೈಡ್ ಚಕ್ರಕ್ಕೆ ಅಂಚಿನ ವೇಗ ಸೆಕೆಂಡಿಗೆ 20ರಿಂದ 28 ಮೀಟರ್‌ವರೆಗೆ ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತದೆ. 15 ಮೀಟರ್‌ಗೂ ನಡೆದೀತು, ಚಕ್ರ ಬೇಗ ಸವೆಯುತ್ತದೆ. ಲೋಹದ ಚಕ್ರದ ಮೇಲೆ ವಜ್ರದ ಪುಡಿ ಕೂಡಿಸಿದ ಚಕ್ರಗಳಿಗೆ 12ರಿಂದ 20 ಮೀಟರ್ ಸಾಕು. ಕಲ್ಲಿಗಿಂತ ವಜ್ರ ಬಹಳ ಗಡುಸಾದುದರಿಂದ ಅದಕ್ಕೆ ಬಿರುಸು ಬೇಕಿಲ್ಲ. ವೇಗ ಹೆಚ್ಚಿಸಿದರೆ ದುಬಾರಿ ಕಣಗಳು ಶಾಖಕ್ಕೆ ಹಾಳಾಗುತ್ತವೆ. ನಮ್ಮ 1440 ಸುತ್ತಿನ ಮೋಟಾರಿಗೆ ನೇರವಾಗಿ ಕೂಡಿಸಿದ 200 ಮಿಲಿಮೀಟರಿನ ವಜ್ರಚಕ್ರವು ಯಾವ ಪುಲ್ಲಿಯ ಸಹಾಯವೂ ಇಲ್ಲದೆ ಈ ಮಿತಿಯೊಳಗೆ ಬಂದು ನಿಲ್ಲುತ್ತದೆ ಎಂಬುದು ಅನುಕೂಲದ ಸಂಗತಿ. ವಜ್ರವನ್ನೇ ಹೊಳಪು ಮಾಡುವ ಎರಕದ ಕಬ್ಬಿಣದ ತಟ್ಟೆಯ ಲೆಕ್ಕ ಬೇರೆ. ಅದು ಇಲ್ಲಿಯ ವಿಷಯವಲ್ಲ.

ಕಲ್ಲಿನ ಸ್ವಭಾವ

ಗಡಸುತನವನ್ನು 1812ರಲ್ಲಿ ಫ್ರೀಡ್ರಿಕ್ ಮೋಸ್ ರೂಪಿಸಿದ ಹತ್ತು ಮೆಟ್ಟಿಲುಗಳ ಮಾಪಕದಿಂದ ಗುರುತಿಸುವುದು ವಾಡಿಕೆ. ಅಗೇಟು ಅದರಲ್ಲಿ ಆರೂವರೆಯಿಂದ ಏಳು. ಮಾಣಿಕ್ಯ, ನೀಲಗಳು ಒಂಬತ್ತು. ಮ್ಯಾಲಕೈಟ್ ಎಂಬ ಹಸಿರು ಕಲ್ಲು ಮೂರೂವರೆಯಿಂದ ನಾಲ್ಕು. ಗಡುಸು ಕಲ್ಲಿಗೆ ಹೆಚ್ಚು ವೇಗ, ಮೆದು ಕಲ್ಲಿಗೆ ಕಡಿಮೆ ವೇಗ ಎಂಬ ಮಾತು ಕೇಳಿಬರುತ್ತದೆ. ಇದು ಅರ್ಧ ಮಾತ್ರ ನಿಜ. ವೇಗವನ್ನು ತೀರ್ಮಾನಿಸುವಲ್ಲಿ ಗಡಸುತನಕ್ಕಿಂತ ಕಲ್ಲು ಶಾಖವನ್ನು ಎಷ್ಟು ತಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ಅಗೇಟು ಸಹನಶೀಲ ಕಲ್ಲು. ಅದರ ಹರಳುಗಳು ಅತಿ ಸೂಕ್ಷ್ಮವಾದ ಎಳೆಗಳಂತೆ ಹೆಣೆದುಕೊಂಡಿರುವುದರಿಂದ ಒರಟು ಚಕ್ರವನ್ನೂ ಪೂರ್ಣ ವೇಗವನ್ನೂ ಅದು ತಾಳುತ್ತದೆ. ಓಪಲ್ ಇದಕ್ಕೆ ಪೂರ್ತಿ ವ್ಯತಿರಿಕ್ತ. ಅದರ ಮೈಯಲ್ಲಿಯೇ ನೀರಿನಂಶವಿದ್ದು, ಒಂದು ಬದಿ ಥಟ್ಟನೆ ಕಾದರೆ ಬಿರುಕು ಬಿಡುತ್ತದೆ. ನಯವಾದ ಚಕ್ರ, ಕಡಿಮೆ ವೇಗ, ಧಾರಾಳ ನೀರು, ಹಗುರವಾದ ಕೈ ಅದಕ್ಕೆ ಅವಶ್ಯ. ಪಚ್ಚೆಯೊಳಗೆ ಸಹಜವಾಗಿಯೇ ಸಣ್ಣ ಬಿರುಕುಗಳಿರುತ್ತವೆ, ಅನೇಕ ವೇಳೆ ಅವುಗಳಲ್ಲಿ ಎಣ್ಣೆ ತುಂಬಿಸಿರುತ್ತಾರೆ. ಶಾಖಕ್ಕೆ ಎಣ್ಣೆ ಹೊರಬಂದರೆ ಮುಚ್ಚಿದ್ದ ಬಿರುಕು ಬಯಲಾಗುತ್ತದೆ. ಮೈಸೂರಿನ ಸುತ್ತಣ ಪ್ರದೇಶದಲ್ಲಿ ದೊರೆಯುವ, ಬೆಳಕು ತೂರದ ಕೆಂಪು ಕುರುಂದವನ್ನು ಗುಮ್ಮಟದ ಆಕಾರಕ್ಕೆ ಉಜ್ಜುತ್ತಾರೆ. ಸಿಲಿಕಾನ್ ಕಾರ್ಬೈಡ್ ಚಕ್ರವು ಇದಕ್ಕಿಂತ ಅಲ್ಪಸ್ವಲ್ಪವೇ ಗಡುಸಾದುದರಿಂದ ಎಷ್ಟು ವೇಗ ಕೊಟ್ಟರೂ ಕೆಲಸ ಆಮೆಯ ನಡಿಗೆ. ಇಲ್ಲಿ ಮಾಡಬೇಕಾದುದು ವೇಗ ಏರಿಸುವುದಲ್ಲ, ವಜ್ರದ ಚಕ್ರಕ್ಕೆ ಬದಲಾಯಿಸುವುದು.

ಹೊಳಪು ಕೊಡುವ ಹಂತದಲ್ಲಿ ವೇಗ ತೀರ ಇಳಿಯಬೇಕು. ಚರ್ಮ ಅಥವಾ ಫೆಲ್ಟಿನ 200 ಮಿಲಿಮೀಟರ್ ತಟ್ಟೆಯ ಮೇಲೆ ಸೀರಿಯಂ ಆಕ್ಸೈಡನ್ನು ಬಳಸುವಾಗ ನಿಮಿಷಕ್ಕೆ 400ರಿಂದ 700 ಸುತ್ತು ಸಾಕು. ತಟ್ಟೆ ಪೂರ್ತಿ ಒದ್ದೆಯೂ ಅಲ್ಲದೆ ಪೂರ್ತಿ ಒಣಗಿಯೂ ಇಲ್ಲದೆ ಕಲ್ಲನ್ನು ತುಸು ಹಿಡಿದೆಳೆಯುವ ಗಳಿಗೆಯಲ್ಲಿ ಹೊಳಪು ಬರುತ್ತದೆ. ಅದೇ ಗಳಿಗೆಯಲ್ಲಿ ಶಾಖವೂ ಏರುತ್ತದೆ. ಅಡ್ಡಲಾಗಿ ಮಲಗಿ ತಿರುಗುವ ತಟ್ಟೆಗಳಲ್ಲಿ, ಅಂದರೆ ಹರಳಿಗೆ ಮುಖಗಳನ್ನು ಕೊರೆಯುವ ಯಂತ್ರಗಳಲ್ಲಿ, ಇನ್ನೊಂದು ವಿಶೇಷವನ್ನು ಗಮನಿಸಬೇಕು: ತಟ್ಟೆಯ ಅಂಚಿನಲ್ಲಿರುವ ವೇಗ ನಡುವೆ ಇರುವುದಿಲ್ಲ. 200 ಮಿಲಿಮೀಟರ್ ತಟ್ಟೆ 600 ಸುತ್ತು ತಿರುಗುವಾಗ ಅಂಚಿನಲ್ಲಿ ಸೆಕೆಂಡಿಗೆ 6.3 ಮೀಟರ್ ಇದ್ದರೆ, ಕೇಂದ್ರದಿಂದ 50 ಮಿಲಿಮೀಟರ್ ದೂರದಲ್ಲಿ ಅದರ ಅರ್ಧ. ಕೇಂದ್ರದಲ್ಲಿ ಏನೂ ಇಲ್ಲ. ಅನುಭವಿಗಳು ಪುಲ್ಲಿಯನ್ನು ಮುಟ್ಟದೆ, ಹರಳನ್ನು ಒಳಕ್ಕೂ ಹೊರಕ್ಕೂ ಸರಿಸಿಯೇ ವೇಗವನ್ನು ಬದಲಾಯಿಸಿಕೊಳ್ಳುತ್ತಾರೆ.

ಸವೆದ ಚಕ್ರ ಮತ್ತು ಮರೆತ ಪುಲ್ಲಿ

ಸಿಲಿಕಾನ್ ಕಾರ್ಬೈಡ್ ಚಕ್ರ ದಿನೇ ದಿನೇ ಕಿರಿದಾಗುತ್ತದೆ. 1920 ಸುತ್ತಿನಲ್ಲಿ ಸೆಕೆಂಡಿಗೆ 20 ಮೀಟರ್ ಓಡುತ್ತಿದ್ದ 200 ಮಿಲಿಮೀಟರ್ ಚಕ್ರವು 120 ಮಿಲಿಮೀಟರಿಗೆ ಸವೆದಾಗ ಅದರ ಅಂಚಿನ ವೇಗ 12 ಮೀಟರಿಗೆ ಇಳಿದಿರುತ್ತದೆ. ಚಕ್ರ ಮೆದುವಾಯಿತು, ಮಾಲು ಕಳಪೆ ಎಂದು ಅಂಗಡಿಯವನನ್ನು ಬೈಯುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ.

ಲೆಕ್ಕ ಬಲ್ಲವರು ಪುಲ್ಲಿ ಬದಲಾಯಿಸುತ್ತಾರೆ. ಮೋಟಾರಿಗೆ 110, ಷಾಫ್ಟಿಗೆ 50 ಮಿಲಿಮೀಟರ್ ಪುಲ್ಲಿ ಹಾಕಿದರೆ ಸುತ್ತು 3168 ಆಗಿ, 120 ಮಿಲಿಮೀಟರ್ ಚಕ್ರ ಪುನಃ ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಇದರಲ್ಲಿ ತಪ್ಪಿಲ್ಲ. ತಪ್ಪು ನಡೆಯುವುದು ಅನಂತರ. ಹದಿನೈದು ದಿನ ಕಳೆದು ಚಕ್ರ ಪೂರ್ತಿ ಸವೆಯುತ್ತದೆ. ಯಜಮಾನ ಊರಿನಲ್ಲಿಲ್ಲ. ಕೆಲಸ ಕಲಿಯಲು ಬಂದ ಹುಡುಗ ಕಪಾಟಿನಿಂದ 200 ಮಿಲಿಮೀಟರಿನ ಹೊಸ ಚಕ್ರ ತೆಗೆದು ಅದೇ ಷಾಫ್ಟಿಗೆ ಕೂಡಿಸಿ ಸ್ವಿಚ್ಚು ಹಾಕುತ್ತಾನೆ. ಪುಲ್ಲಿ ಬದಲಾಗಿರುವುದು ಅವನಿಗೆ ತಿಳಿಯದು. ಅಂಚಿನ ವೇಗ ಈಗ ಸೆಕೆಂಡಿಗೆ 33.2 ಮೀಟರ್. ಇಂಥ ಚಕ್ರಗಳಿಗೆ ಸಾಮಾನ್ಯವಾಗಿ ನಿಗದಿಯಾಗಿರುವ ಗರಿಷ್ಠ ಮಿತಿ 33 ಮೀಟರ್. ಮೆದು ಅಂಟಿನ ಒರಟು ಚಕ್ರಗಳಿಗೆ ಅದಕ್ಕಿಂತಲೂ ಕಡಿಮೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ತಿರುಗುವ ಚಕ್ರವನ್ನು ಹೊರಕ್ಕೆ ಸೀಳಲು ಎಳೆಯುವ ಬಲವು ವೇಗದೊಂದಿಗೆ ಸಮನಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. 20 ಮೀಟರಿನಿಂದ 33.2 ಮೀಟರಿಗೆ ಏರಿದಾಗ ಎಳೆತ ಎರಡು ಮುಕ್ಕಾಲು ಪಟ್ಟಾಗಿರುತ್ತದೆ. ಹುಡುಗ ನೋಡುವುದು ಎಂದಿನಂತೆ ತಿರುಗುವ ಬೂದು ಬಣ್ಣದ ಚಕ್ರವನ್ನು. ಅದರೊಳಗಿನ ಎಳೆತ ಕಣ್ಣಿಗೆ ಕಾಣುವಂಥದಲ್ಲ. ಸಾಗಣೆಯಲ್ಲಿ ಎಲ್ಲಿಯೋ ಬಿದ್ದು ಕೂದಲೆಳೆಯ ಬಿರುಕು ಬಿಟ್ಟಿದ್ದ ಚಕ್ರ ಅದಾಗಿದ್ದರೆ, ನಿಧಾನದಲ್ಲಿ ಎಷ್ಟೋ ದಿನ ತಾಳುತ್ತಿದ್ದ ಆ ಬಿರುಕು ಈ ವೇಗದಲ್ಲಿ ತಾಳುವುದಿಲ್ಲ.

ಚಿಕ್ಕ ಚಕ್ರದ ಯಂತ್ರಕ್ಕೆ ದೊಡ್ಡ ಚಕ್ರ ಕೂಡಿಸುವುದೂ ಇದೇ ಬಗೆಯ ಅಪಾಯ. 2880 ಸುತ್ತಿನ ಮೋಟಾರಿಗೆ 200 ಮಿಲಿಮೀಟರ್ ಚಕ್ರ ನೇರವಾಗಿ ಕೂಡಿಸಿದರೆ 30 ಮೀಟರ್, ಮಿತಿಯ ಒಳಗೆ. ಅದಕ್ಕೇ 250 ಮಿಲಿಮೀಟರ್ ಚಕ್ರ ಹಾಕಿದರೆ ಸುಮಾರು 37.7 ಮೀಟರ್, ಮಿತಿಯ ಹೊರಗೆ. ಕೈಯಲ್ಲಿ ಹಿಡಿಯುವ ಕಬ್ಬಿಣ ಕತ್ತರಿಸುವ ಗ್ರೈಂಡರಿನ ಮೇಲೆ ಹರಳಿನ ಸಾಣೆಚಕ್ರ ಕೂಡಿಸಿ ಕೆಲಸ ಸಾಗಿಸುವ ಅಗ್ಗದ ಉಪಾಯವಂತೂ ಸರ್ವಥಾ ಸಲ್ಲದು. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಯಂತ್ರ. 100 ಮಿಲಿಮೀಟರಿನ ಪುಟ್ಟ ಚಕ್ರಕ್ಕೂ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ.

ಚಕ್ರವನ್ನು ಕೂಡಿಸುವ ಮುನ್ನ

ಪ್ರತಿಯೊಂದು ಚಕ್ರದ ನಡುವೆ ಅಂಟಿಸಿದ ಕಾಗದದಲ್ಲಿ ಅದು ತಾಳಬಲ್ಲ ಗರಿಷ್ಠ ಸುತ್ತು ಮುದ್ರಿತವಾಗಿರುತ್ತದೆ. ಅಂಥ ಗುರುತಿಲ್ಲದ ಚಕ್ರವನ್ನು ಕೊಳ್ಳಲೇಬಾರದು. ಆ ಕಾಗದದ ಬಿಲ್ಲೆ ಬರಿಯ ಚೀಟಿಯಲ್ಲ. ಲೋಹದ ಬಿಲ್ಲೆಯ ಒತ್ತಡವನ್ನು ಸಮವಾಗಿ ಹಂಚುವ ಮೆತ್ತೆಯೂ ಅದೇ ಆದುದರಿಂದ ಕಿತ್ತುಹಾಕಬಾರದು. ಎರಡೂ ಬದಿಯ ಲೋಹದ ಬಿಲ್ಲೆಗಳು ಒಂದೇ ಅಳತೆಯವಾಗಿದ್ದು, ಚಕ್ರದ ವ್ಯಾಸದ ಮೂರನೆಯ ಒಂದು ಭಾಗಕ್ಕಿಂತ ಕಿರಿದಾಗಿರಬಾರದು. ಕೂಡಿಸುವ ಮುನ್ನ ಒಣಗಿದ ಚಕ್ರವನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲನೆ ತಟ್ಟಬೇಕು. ಗಟ್ಟಿ ಮಡಕೆಯನ್ನು ತಟ್ಟಿದಂತೆ ನಾದ ಬಂದರೆ ಸರಿ. ಒಡಕು ಮಡಕೆಯ ಬೊದ್ದು ಸದ್ದು ಬಂದರೆ ಆ ಚಕ್ರವನ್ನು ಒಡೆದು ಎಸೆಯಬೇಕು; ಕಪಾಟಿನಲ್ಲಿಟ್ಟರೆ ಇನ್ನೊಬ್ಬರು ಅದನ್ನು ತೆಗೆದು ಕೂಡಿಸಿಯಾರು. ಸಂತೆಯಲ್ಲಿ ಮಡಕೆ ಕೊಂಡು ಅಭ್ಯಾಸವಿರುವವರಿಗೆ ಈ ಪರೀಕ್ಷೆಯನ್ನು ಕಲಿಸಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಒಂದು ಮಾತು. ಸಿಲಿಕಾನ್ ಕಾರ್ಬೈಡ್ ಚಕ್ರ ಸಚ್ಛಿದ್ರವಾದುದು, ನೀರು ಹೀರುತ್ತದೆ. ಸಂಜೆ ಮೋಟಾರು ನಿಲ್ಲಿಸಿ, ಚಕ್ರದ ಕೆಳಭಾಗ ತೊಟ್ಟಿಯ ನೀರಿನಲ್ಲಿ ಮುಳುಗಿರುವಂತೆಯೇ ಬಿಟ್ಟುಹೋದರೆ ಬೆಳಗಾಗುವಷ್ಟರಲ್ಲಿ ಆ ಅರ್ಧ ಭಾರವಾಗಿರುತ್ತದೆ. ಬೆಳಿಗ್ಗೆ ಸ್ವಿಚ್ಚು ಹಾಕಿದೊಡನೆ ಚಕ್ರ ತೂಕ ತಪ್ಪಿ ನಡುಗುತ್ತದೆ, ಒಡೆಯಲೂಬಹುದು. ಆದುದರಿಂದ ಮೊದಲು ನೀರು ನಿಲ್ಲಿಸಿ, ಚಕ್ರವನ್ನು ಕೆಲವು ನಿಮಿಷ ಬರಿದೇ ತಿರುಗಿಸಿ ಹೀರಿದ ನೀರನ್ನೆಲ್ಲ ಚಿಮ್ಮಿಸಿ, ಆಮೇಲೆ ಮೋಟಾರನ್ನು ನಿಲ್ಲಿಸಬೇಕು. ಹೊಸ ಚಕ್ರ ಕೂಡಿಸಿದಾಗ ಮೊದಲ ಒಂದು ನಿಮಿಷ ಯಾರೂ ಅದರ ಎದುರಿನಲ್ಲಿ ನಿಲ್ಲದೆ ಪಕ್ಕದಲ್ಲಿರಬೇಕು. ಚಕ್ರಕ್ಕೆ ಲೋಹದ ಕವಚ, ಕಣ್ಣಿಗೆ ಕನ್ನಡಕ ಇರಲೇಬೇಕು. ನೀರೂ ವಿದ್ಯುತ್ತೂ ಒಂದೆಡೆ ಸೇರುವ ಯಂತ್ರವಾದುದರಿಂದ ಅರ್ಥಿಂಗ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿರಬೇಕು.

ಕಾಣದ ಧೂಳು

ಚಕ್ರ ಒಡೆಯುವುದು ಅಪರೂಪ, ಧೂಳು ದಿನನಿತ್ಯದ್ದು. ಅಗೇಟು ಬಹುತೇಕ ಶುದ್ಧ ಸಿಲಿಕಾ. ಅದನ್ನು ಒಣಗಿದ ಚಕ್ರದ ಮೇಲೆ ಉಜ್ಜಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟೊಂದು ಅಪಾಯಕಾರಿಯಲ್ಲ. ಅವು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತವೆ. ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಿರಿದಾದ, ಕಣ್ಣಿಗೆ ಬೀಳದ ಕಣಗಳು ಶ್ವಾಸಕೋಶದ ತಳವನ್ನು ಮುಟ್ಟಿ ಅಲ್ಲಿ ಗಾಯದ ಕಲೆಗಳನ್ನು ಎಬ್ಬಿಸುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಇದಕ್ಕೆ ತುತ್ತಾದವರಿಗೆ ಕ್ಷಯರೋಗವೂ ಸುಲಭವಾಗಿ ತಗಲುತ್ತದೆ. ಉಸಿರಿನ ಮೂಲಕ ಒಳಹೋಗುವ ಹರಳುರೂಪದ ಸಿಲಿಕಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1997ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಖಂಭಾತಿನಲ್ಲಿ ಕೈಯಿಂದ ತಿರುಗಿಸುವ ಸಾಣೆಯ ಸ್ಥಾನಕ್ಕೆ ಮೋಟಾರಿನ ಒಣಚಕ್ರಗಳು ಬಂದ ಮೇಲೆ ಮನೆಯೇ ಕಾರ್ಯಾಗಾರವಾಗಿದ್ದ ಕುಟುಂಬಗಳಲ್ಲಿ ಈ ರೋಗ ಕಂಡುಬಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿಯ ಕೆಲಸಗಾರರನ್ನು ಪರೀಕ್ಷಿಸಿದುದಲ್ಲದೆ, ಚಕ್ರದ ಬಳಿಯಲ್ಲಿಯೇ ಧೂಳನ್ನು ಹೀರಿಕೊಳ್ಳುವ ಸಾಧನವನ್ನೂ ರೂಪಿಸಿದರು.

ವೇಗಕ್ಕೂ ಈ ಧೂಳಿಗೂ ನೇರವಾದ ನಂಟಿದೆ. ನುಣುಪಾದ ಅಂಚಿನ, ಅತಿವೇಗದ ಚಕ್ರ ಕಲ್ಲನ್ನು ಚೂರಾಗಿ ಕೀಳುವುದಿಲ್ಲ, ಹಿಟ್ಟಾಗಿ ಅರೆಯುತ್ತದೆ. ಆ ಹಿಟ್ಟು ಗಾಳಿಯಲ್ಲಿ ತಾಸುಗಟ್ಟಲೆ ತೇಲುತ್ತದೆ. ನೀರು ಬಿಟ್ಟರೆ ಧೂಳು ಅಡಗುತ್ತದೆಂಬುದು ನಿಜ. ಆದರೆ ವೇಗ ಮಿತಿಮೀರಿದಾಗ ನೀರೇ ಮಂಜಿನಂತೆ ಎದ್ದು ಕೋಣೆಯನ್ನು ತುಂಬುತ್ತದೆ. ಮಂಜಿನ ಹನಿ ಒಣಗಿದ ಮೇಲೆ ಉಳಿಯುವುದು ಅದೇ ಸಿಲಿಕಾ. ಸಂಜೆ ಗೋಡೆಯ ಮೇಲೆ, ಬಟ್ಟೆಯ ಮೇಲೆ ಬೆಳ್ಳಗಿನ ಪೊರೆ ಕಂಡರೆ ಚಕ್ರದ ವೇಗವನ್ನೂ ನೀರಿನ ಧಾರೆಯನ್ನೂ ಮರುಪರಿಶೀಲಿಸಬೇಕು. ಆ ಪೊರೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಮನಸ್ಸಿಗೆ ಸಮಾಧಾನವಾದೀತೇ ಹೊರತು ಈ ಕಣಗಳು ತಡೆಯಲ್ಪಡುವುದಿಲ್ಲ. ಕೆಲಸ ನಡೆಯುವ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವ, ಅಡಿಗೆ ಮಾಡುವ ಪದ್ಧತಿಯನ್ನು ನಿಲ್ಲಿಸಲೇಬೇಕು.

ಗೋಡೆಯ ಮೇಲಿನ ಫಲಕ

1948ರ ಕಾರ್ಖಾನೆ ಕಾಯಿದೆಯ 30ನೆಯ ಪ್ರಕರಣವು, ಸಾಣೆಕೆಲಸ ನಡೆಯುವ ಪ್ರತಿಯೊಂದು ಕಾರ್ಖಾನೆಯಲ್ಲಿ ಯಂತ್ರದ ಬಳಿ ಒಂದು ಶಾಶ್ವತ ಸೂಚನೆಯನ್ನು ಹಾಕಬೇಕೆಂದು ವಿಧಿಸಿತ್ತು. ಚಕ್ರದ ಸುರಕ್ಷಿತ ಗರಿಷ್ಠ ಪರಿಧಿ ವೇಗ, ಷಾಫ್ಟಿನ ಸುತ್ತು, ಆ ವೇಗಕ್ಕೆ ಬೇಕಾದ ಪುಲ್ಲಿಯ ವ್ಯಾಸ ಇವಿಷ್ಟನ್ನೂ ಅದರಲ್ಲಿ ಬರೆದಿರಬೇಕಿತ್ತು, ಬರೆದ ವೇಗವನ್ನು ಮೀರುವಂತಿರಲಿಲ್ಲ. ಮರೆತ ಪುಲ್ಲಿಯಿಂದ ಆಗುವ ಅನಾಹುತವನ್ನು ಕಾಯಿದೆ ರಚಿಸಿದವರು ಚೆನ್ನಾಗಿ ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಒಬ್ಬಿಬ್ಬರು ಸೇರಿ ನಡೆಸುವ ಕೆಲಸಕ್ಕೆ ಇಂಥ ಕಾಯಿದೆಗಳು ಅನ್ವಯಿಸದಿರಬಹುದು. ಆದರೂ ಒಂದು ರಟ್ಟಿನ ಮೇಲೆ ನಾಲ್ಕು ಸಾಲು ಬರೆದು ಯಂತ್ರದ ಮೇಲಿನ ಗೋಡೆಗೆ ತೂಗುಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಮೇಲೆ ಹೇಳಿದ ಯಂತ್ರಕ್ಕಾದರೆ ಅದರ ಒಕ್ಕಣೆ ಹೀಗಿರಬಹುದು:

ಮೋಟಾರು 1440 ಸುತ್ತು. ಮೋಟಾರಿನ ಪುಲ್ಲಿ 100 ಮಿ.ಮೀ., ಷಾಫ್ಟಿನ ಪುಲ್ಲಿ 75 ಮಿ.ಮೀ., ಷಾಫ್ಟು 1920 ಸುತ್ತು.
ಹೊಸ ಚಕ್ರ 200 ಮಿ.ಮೀ.; ಅಂಚಿನ ವೇಗ ಸೆಕೆಂಡಿಗೆ 20 ಮೀಟರ್. ಇದಕ್ಕಿಂತ ದೊಡ್ಡ ಚಕ್ರ ಹಾಕಬಾರದು.
ಪುಲ್ಲಿ ಬದಲಾಯಿಸಿದವರು ಇಲ್ಲಿ ದಿನಾಂಕ ಮತ್ತು ಹೊಸ ಸುತ್ತನ್ನು ಬರೆಯಬೇಕು.
ಹೊಸ ಚಕ್ರ ಕೂಡಿಸುವವರು ಮೊದಲು ಪುಲ್ಲಿಯನ್ನು ಅಳೆಯಬೇಕು.